ಪ್ಲಾಟ್‌ಫಾರ್ಮಿನ ಮೇಲೆ ನಲವತ್ತನೆಯ ದಿನ

ತೈಸಿಯಾ ಬನ್ನನ್ನು ಕಚ್ಚಿಯಾಗಿತ್ತು. ಒಳಗಿನ ಬಿಸಿ ಎಲೆಕೋಸು ನಾಲಿಗೆಗೆ ತಗುಲುತ್ತಿದ್ದಂತೆ ದುಡ್ಡು ಚಾಚಿದಳು. ಬನ್ನು ಕೊಟ್ಟ ಮುದುಕಿ ಆ ಕೈಯನ್ನು ಹಿಂದಕ್ಕೆ ತಳ್ಳಿದಳು.

"ದುಡ್ಡು ಬೇಡ ಮಗಳೇ. ತಿನ್ನು. ನನ್ನ ಮೊಮ್ಮಗ ಗ್ಲೆಬ್‌ನ ನೆನೆಸ್ಕೊ, ಸಾಕು. ಅವನು ಹೋಗಿ ಇವತ್ತಿಗೆ ನಲವತ್ತು ದಿನ."

ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಉಗುಳುವಂತಿಲ್ಲ. ತೈಸಿಯಾ ಎದೆಯ ಮೇಲೆ ಶಿಲುಬೆ ಬರೆದುಕೊಂಡು ನುಂಗಿದಳು.

ರೈಲಿನ ಎಂಜಿನ್ ಬದಲಿಸುತ್ತಿದ್ದರು. ಬೋಗಿ ನೋಡಿಕೊಳ್ಳುವ ಝೋಯಾ ಮೆಟ್ಟಿಲಿಗೆ ಕಟ್ಟಿದ ಹಿಮಗಡ್ಡೆಯನ್ನು ಸರಳಿನಿಂದ ಕುಟ್ಟುತ್ತ ಕೂಗಿದಳು. "ಇಪ್ಪತ್ತೇ ನಿಮಿಷ! ಅಕ್ಕಾ, ಮನೆ ಚಪ್ಪಲೀಲೇ ಇಳಿದಿದೀರಲ್ಲ! ಬೆರಳು ಉದುರಿದ್ರೆ ನಾನು ಹುಡುಕಿಕೊಡಲ್ಲ!"

ತೈಸಿಯಾ ನಗಲು ನೋಡಿದಳು. ಹೊಸ ವರ್ಷದಿಂದ ಈಚೆಗೆ ಮಗ ಲ್ಯೋನ್ಯಾನಿಂದ ಕಾಗದವಿರಲಿಲ್ಲ. ಸತ್ತವರ ಪಟ್ಟಿಯಲ್ಲೂ ಇಲ್ಲ, ಇದ್ದವರ ಪಟ್ಟಿಯಲ್ಲೂ ಇಲ್ಲ ಎಂದಿದ್ದರು ಸೇನಾ ಕಚೇರಿಯಲ್ಲಿ. ಹಾಗಾಗಿ ಅವಳೇ ಹುಡುಕಿಕೊಂಡು ಹೊರಟಿದ್ದಳು, ಯುದ್ಧ ನಡೆಯುತ್ತಿದ್ದ ದಕ್ಷಿಣದ ಕಡೆಗೆ. ಚೀಲದಲ್ಲಿ ಅವನಿಗೆಂದು ಹೆಣೆದ ಉಣ್ಣೆಯ ಕಾಲುಚೀಲವಿತ್ತು.

ಇನ್ನೊಬ್ಬಳು ಬಂದು ಅವಳ ಕೋಟಿನ ಜೇಬಿಗೆ ಮಿಠಾಯಿ ತುರುಕಿದಳು. "ನಮ್ಮ ತಿಮೂರ್‌ನ ನೆನೆಸ್ಕೊಳ್ಳಿ. ಇವತ್ತು ನಲವತ್ತು."

"ನಮ್ಮ ವಾದಿಮ್‌ಗೂ," ಎಂದಳು ಮತ್ತೊಬ್ಬಳು, ದೋಸೆಗಳ ಬೋಗುಣಿ ಹಿಡಿದು.

ತೈಸಿಯಾ ತಲೆಯೆತ್ತಿದಳು. ಪ್ಲಾಟ್‌ಫಾರ್ಮಿನ ನಲ್ಲಿಯಿಂದ ಸಿಗ್ನಲ್ ಕಂಬದವರೆಗೂ ತಲೆಗೆ ಕಪ್ಪು ಬಟ್ಟೆ ಕಟ್ಟಿದ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಯಾರೂ ಬೆಲೆ ಕೂಗುತ್ತಿರಲಿಲ್ಲ.

"ಏನಜ್ಜಿ ಇದು? ಎಲ್ಲರಿಗೂ ಒಂದೇ ದಿನವಾ?"

"ಒಂದೇ ಯುದ್ಧದ ಗಾಡೀಲಿದ್ರಲ್ಲ ಹುಡುಗರು, ಒಟ್ಟಿಗೇ ಹೋದ್ರು," ಎಂದಳು ಮುದುಕಿ. "ನಮ್ಮೂರೋರನ್ನೆಲ್ಲ ಒಟ್ಟಿಗೇ ಹತ್ತಿಸಿದ್ರು. ಹೊರಗಿನೋನು ಒಬ್ಬನೇ ಇದ್ದದ್ದು."

"ಯಾವ ತುಕಡಿ?"

ಮುದುಕಿ ಐದು ಅಂಕಿ ಹೇಳಿದಳು. ಮಗನಿಗೆ ಕಳಿಸುವ ಲಕೋಟೆಗಳ ಮೇಲೆ ಬರೆದು ಬರೆದು ತೈಸಿಯಾಳ ಬೆರಳುಗಳಿಗೇ ಬಾಯಿಪಾಠವಾಗಿದ್ದ ಅಂಕಿಗಳು. ಬನ್ನಿನ ತುಂಡು ಕೈಯಲ್ಲಿ ತಣ್ಣಗಾಗುತ್ತಿತ್ತು.

ಅವಳ ಮುಖ ನೋಡಿ ಮುದುಕಿ ಹಿಂದೆ ತಿರುಗಿದಳು. "ರಿಮ್ಮಾ, ಆ ಫೋಟೋ ತಗೊಂಬಾರೇ."

ರಿಮ್ಮಾ ಎಂಬಾಕೆ ಕೈಗವಸು ತೆಗೆದು ಎದೆಯೊಳಗಿಂದ ಫೋಟೋ ಎಳೆದಳು. ಯುದ್ಧದ ಗಾಡಿಯ ಮೇಲೆ ಹುಡುಗರು ಒತ್ತಿ ಕೂತಿದ್ದರು. ತುದಿಯವನು ಟೋಪಿಯನ್ನು ಒಂದು ಕಿವಿಯ ಮೇಲೆ ಎಳೆದುಕೊಂಡು ನಗುತ್ತಿದ್ದ. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಆ ಹಲ್ಲು ಮುರಿದ ದಿನ ಅವನಿಗೆ ಹೊಡೆದವಳು ತೈಸಿಯಾಳೇ, ಮರ ಯಾಕೆ ಹತ್ತಿದೆ ಎಂದು.

"ಈ ತುದಿಯೋನೇ ಆ ಹೊರಗಿನೋನು. ಹೆಸರು ಲ್ಯೋನ್ಯಾ ಅಂತ ನನ್ನ ಮಗ ಹಿಂದುಗಡೆ ಬರೆದಿದ್ದ. ಊರು ಬರೆದಿಲ್ಲ," ಎಂದಳು ರಿಮ್ಮಾ. "ಇವನ ಮನೆಯೋರಿಗೆ ಹೇಳಿ ಕಳಿಸೋಣ ಅಂದ್ರೆ ಎಲ್ಲೀಂತ ಕಳಿಸೋದು? ಪಾಪ, ಪರದೇಶಿ ಥರ ಆಗಬಾರದೂಂತ ಅವನ ಪಾಲಿಂದೂ ನಾನೇ ಮಾಡಿಟ್ಟಿದೀನಿ."

ಅವಳ ಬುಟ್ಟಿಯ ಮೂಲೆಯಲ್ಲಿ ಬೇರೆಯಾಗಿ, ಬಿಳಿ ಟವಲಿನಲ್ಲಿ ಸುತ್ತಿದ ಒಂದು ಗಂಟಿತ್ತು.

"ಫೋಟೋದಲ್ಲಿದ್ರೆ ಆ ದಿನ ಗಾಡೀಲಿದ್ದ ಅಂತಲ್ಲ," ಎಂದಳು ತೈಸಿಯಾ.

ಹೊಸ ಎಂಜಿನ್ ಬಂದು ತಗುಲಿ, ಬೋಗಿಗಳೆಲ್ಲ ಒಂದರ ಹಿಂದೊಂದು ಅದುರಿದವು.

"ಹತ್ತಿ ಅಕ್ಕಾ, ಹತ್ತಿ!" ಝೋಯಾ ಕೂಗುತ್ತಿದ್ದಳು.

ರಿಮ್ಮಾ ಎರಡೂ ಕೈಯಲ್ಲಿ ಗಂಟನ್ನು ಎತ್ತಿ ಮುಂದೆ ಹಿಡಿದಳು. ಬಿಸಿಗೆ ಟವಲಿನಿಂದ ಹಬೆ ಏಳುತ್ತಿತ್ತು.

"ತಗೊಳ್ಳಿ ತಾಯಿ. ಬೋಗೀಲಿ ನಿಮ್ಮ ಕೈಯಿಂದಲೇ ಹಂಚಿ. ಅವನ ಹೆಸರು ಹೇಳಿ."

ತೈಸಿಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ."