ದಂಡೆಯಿಂದ ಬೀಸಿದ ಗಾಳಿ

ಕೌಸರ್ ಬೇಗಂ ಕಮಲಾಪುರದಲ್ಲಿ ಬಸ್ಸಿಳಿದು, ಪ್ರಿಯದರ್ಶಿನಿಯ ಮನೆ ಎಲ್ಲಿ ಎಂದು ಮೂವರನ್ನು ಕೇಳಿಕೊಂಡು ಬಂದಾಗ ಹನ್ನೊಂದು ಗಂಟೆಯಾಗಿತ್ತು. ಬಾಗಿಲಲ್ಲಿ ನಿಂತವಳೇ ಅವಳೆಂದು ತಿಳಿದ ಕೂಡಲೇ, ತಂದಿದ್ದ ಮಿಠಾಯಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಅವಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು.

“ಈ ಕೈ ನೋಡ್ರಿ, ನನ್ನ ಮಗ ಅಕ್ರಮ್‌ನ್ನ ದರಿಯಾದಾಗಿಂದ ಎಳದು ತಂದಾವ,” ಎಂದರು, ಒಳಗಿಂದ ಬಂದ ಅವಳ ತಾಯಿ ಮಾಳಮ್ಮನಿಗೆ. “ಎಂಥಾ ಮಗಳನ್ನ ಹಡದೀರಿ ಬಾಯಿ!”

ಮಾಳಮ್ಮನ ಮುಖ ಅರಳಿತು. ಮಗಳು ತಮಿಳುನಾಡಿನ ಕಡಲತೀರದಲ್ಲಿ ಏನು ಕೆಲಸ ಮಾಡುತ್ತಾಳೆಂದು ಊರವರಿಗೆ ವಿವರಿಸಲು ಅವಳಿಗೆ ಬರುತ್ತಿರಲಿಲ್ಲ. ಸೊಂಟಕ್ಕೆ ದೊಡ್ಡ ಗಾಳಿಪಟ ಕಟ್ಟಿಕೊಂಡು, ಕಾಲಡಿ ಹಲಗೆ ಇಟ್ಟು ಅಲೆಗಳ ಮೇಲೆ ಓಡುವ ಆಟವಂತೆ. ಆಡುವವರು ಮುಳುಗದಂತೆ ಇವಳು ದಂಡೆಯಲ್ಲಿ ನಿಂತು ಕಾಯುತ್ತಾಳಂತೆ. ಹೊಲದ ಬಾವಿಯಲ್ಲಿ ಈಜು ಕಲಿತ ಹುಡುಗಿಗೆ ಸಂಬಳ ಕೊಡುವವರೂ ಇದ್ದಾರೆ ಎಂಬುದೇ ಅವಳಿಗೆ ಸೋಜಿಗ. ಈಗ ಕಲಬುರಗಿಯಿಂದ ಒಬ್ಬರು ಹುಡುಕಿಕೊಂಡು ಬಂದು ಹೊಗಳುತ್ತಿದ್ದರು. ಪಕ್ಕದ ಮನೆಯವರನ್ನೂ ಕೂಗಿ ಕರೆದಳು.

ಪ್ರಿಯದರ್ಶಿನಿ ಮಿಠಾಯಿ ಬಾಯಿಗಿಟ್ಟುಕೊಂಡಳು. ನುಂಗಲಾಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಉಗುಳಿದಳು.

ಅಕ್ರಮ್ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮೊಬೈಲ್ ರಿಪೇರಿ ಮಾಡುವವನು. ರಿಪೇರಿಗೆ ಬಂದ ಯಾರದೋ ಫೋನಿನಲ್ಲಿ ಕೈಟ್‌ಬೋರ್ಡಿಂಗ್ ಎಂಬ ಆ ಗಾಳಿಪಟದ ಆಟದ ವಿಡಿಯೊ ನೋಡಿದಂದಿನಿಂದ ಅವನಿಗೆ ಅದರದೇ ಹುಚ್ಚು. ಅದನ್ನು ಕಲಿಸುವ ಕಡಲತೀರದ ಶಾಲೆಗೆ ಬಂದ ಮೊದಲ ದಿನ ಅವನ ಬಾಯಲ್ಲಿ ‘ಹ್ಯಾಂಗ್ರಿ’ ಕೇಳಿ ಪ್ರಿಯದರ್ಶಿನಿ ಓಡಿಹೋಗಿ ಮಾತಾಡಿಸಿದ್ದಳು. ಎರಡು ವರ್ಷದಿಂದ ಆ ದಂಡೆಯಲ್ಲಿ ಅವಳಿಗೆ ಊರ ಮಾತು ಕೇಳಿರಲಿಲ್ಲ.

ಐದನೆಯ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ತಿರುಗಿತು. ಅಲ್ಲಿಯವರೆಗೆ ದಂಡೆಯ ಉದ್ದಕ್ಕೆ ಹಾರುತ್ತಿದ್ದ, ಗಾಳಿಯ ದಿಕ್ಕು ತೋರಿಸುವ ಕಂಬದ ಬಟ್ಟೆ ಕಡಲಿನತ್ತ ತುದಿ ಮಾಡಿತು. ನೆಲದಿಂದ ಕಡಲಿಗೆ ಗಾಳಿ ಬೀಸಿದರೆ ಪಟವು ಆಡುವವನನ್ನು ಒಳಕ್ಕೆ ಒಯ್ಯುತ್ತದೆ, ಮರಳಿ ತರುವುದಿಲ್ಲ. ಬಟ್ಟೆ ತಿರುಗಿದೊಡನೆ ಕೆಂಪು ಬಾವುಟ ಏರಿಸಿ ಎಲ್ಲರನ್ನೂ ದಂಡೆಗೆ ಕರೆಯಬೇಕು. ಅದೇ ಅವಳ ಕೆಲಸ. ಅವಳು ಬಟ್ಟೆಯನ್ನು ನೋಡಿದ್ದಳು.

“ಅಕ್ಕಾ, ಇನ್ನೊಂದೇ ಸುತ್ತು. ನಾಳೆ ಮುಂಜಾನೆ ನನ್ನ ಗಾಡಿ ಅದ,” ಎಂದಿದ್ದ ಅಕ್ರಮ್.

“ಲಗೂ ಬಾ ಮತ್ತ,” ಎಂದು ಅವಳೇ ಪಟ ಎತ್ತಿ ಹಿಡಿದು ಬಿಟ್ಟಳು.

ಅವನು ದೂರ ಹೋದಮೇಲೆ ಗಾಳಿ ಒಮ್ಮೆ ನಿಂತಿತು, ಪಟ ನೀರಿಗೆ ಬಿತ್ತು. ಆಗಲೇ ದೋಣಿ ಕರೆಯಬಹುದಿತ್ತು. ಆದರೆ ದೋಣಿ ಕರೆದರೆ ರಜಿಸ್ಟರ್‌ನಲ್ಲಿ ಬರೆಯಬೇಕು. ಬರೆದರೆ ಬಾವುಟ ಏಕೆ ಏರಿಸಲಿಲ್ಲವೆಂದು ಮಾಲೀಕ ಕೇಳುತ್ತಾನೆ. ಪಟ ಎದ್ದೀತು, ಈಗ ಎದ್ದೀತು ಎಂದು ಅವಳು ನಿಂತೇ ಇದ್ದಳು. ಕೊನೆಗೆ ದೋಣಿಯಲ್ಲಿ ತಾನೂ ಹೋಗಿ ಅವನನ್ನು ಎತ್ತಿ ಹಾಕಿಕೊಂಡಾಗ, ಪಟದ ದಾರ ಅವನ ಬಲಗೈಯ ಎರಡು ಬೆರಳಿಗೆ ಸುತ್ತಿಕೊಂಡು ಮೂಳೆಯವರೆಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಆ ಎರಡನ್ನೂ ತೆಗೆದರು. ‘ಗಾಳಿ ಒಮ್ಮೆಲೇ ತಿರುಗಿತು, ತಕ್ಷಣ ದೋಣಿ ಕಳಿಸಲಾಯಿತು’ ಎಂದು ಅವಳು ರಜಿಸ್ಟರ್‌ನಲ್ಲಿ ಬರೆದಳು. ಆಮೇಲೆ ರಜೆ ಹಾಕಿ ಊರಿಗೆ ಬಂದಳು.

ಕೌಸರ್ ಬೇಗಂ ಬಂದುಹೋದ ಮರುದಿನ ಅವಳು ಕಲಬುರಗಿ ಬಸ್ ಹತ್ತಿದಳು. ಮಹಾಗಾಂವ ದಾಟುವಾಗ ಇಳಿದುಬಿಡಲೇ ಎನ್ನಿಸಿತು. ಇಳಿಯಲಿಲ್ಲ.

ಅಂಗಡಿಯಲ್ಲಿ ಅಕ್ರಮ್ ಎಡಗೈಯಿಂದ ಸಣ್ಣ ಸ್ಕ್ರೂ ಬಿಚ್ಚಲು ಹೆಣಗುತ್ತಿದ್ದ. ಅವನ ತಾಯಿ ಊಟದ ಡಬ್ಬಿ ತಂದವರು ಪಕ್ಕದಲ್ಲೇ ಕೂತಿದ್ದರು. “ಅರೆ ಬೇಟಿ, ಬಾ ಬಾ!” ಎಂದು ಸ್ಟೂಲ್ ಒರೆಸಿದರು.

ಅವಳು ಕೂರಲಿಲ್ಲ. “ನಾ ಒಂದು ಮಾತು ಹೇಳಾಕ ಬಂದೀನಿರಿ. ಗಾಳಿ ತಿರುಗಿದ್ದು ನಾ ನೋಡಿದ್ದೆ. ನೋಡಿನೂ ಇವನ್ನ ಬಿಟ್ಟೆ.”

“ಇನ್ನೊಂದು ಸುತ್ತು ಅಂತ ನಾನೇ ಕೇಳಿದ್ನೆಲ್ಲಕ್ಕಾ,” ಎಂದ ಅಕ್ರಮ್.

“ನೀ ಕೇಳ್ತಿ. ಬ್ಯಾಡ ಅನ್ನೋದು ನನ್ನ ಕೆಲಸ ಇತ್ತು. ಅಷ್ಟೇ ಅಲ್ಲ ಅಕ್ರಮ್. ನೀ ಬಿದ್ದದ್ದೂ ಕಂಡಿತ್ತು. ನನ್ನ ತಪ್ಪು ಹೊರಗ ಬರ್ತದಂತ ಹೆದರಿ ದೋಣಿ ಕರೀಲಿಲ್ಲ. ಇಪ್ಪತ್ತು ನಿಮಿಷ ಸುಮ್ನ ನಿಂತಿದ್ದೆ.”

ಅಕ್ರಮ್ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಇಪ್ಪತ್ತಲ್ಲ,” ಎಂದ. “ಎಡಗೈಗೆ ವಾಚ್ ಇತ್ತು. ನೋಡ್ಕೋತನೇ ಇದ್ದೆ. ದೋಣಿ ಶುರುವಾದ ಸಪ್ಪಳ ಕೇಳೋತನಕ ಇಪ್ಪತ್ತೆಂಟು. ಗಾಳಿ ಜಗ್ಗಿದಾಗೊಮ್ಮೆ ದಾರ ಒಳಗ ಹೋಗ್ತಿತ್ತು. ನೀ ದೋಣಿ ಹುಡುಕಾಕತ್ತಿರಬೇಕು, ಎಂಜಿನ್ ಕೆಟ್ಟಿರಬೇಕು ಅಂದ್ಕೊಂಡಿದ್ದೆ.”

ತಪ್ಪೊಪ್ಪಿಕೊಳ್ಳಲು ಬಂದಾಗಲೂ ಎಂಟು ನಿಮಿಷ ಕಡಿಮೆ ಮಾಡಿಕೊಂಡು ಬಂದಿದ್ದೆನೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಕೌಸರ್ ಬೇಗಂ ಮಗನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. “ಜಲ್ದಿ ದಾರ ಕತ್ತರಿಸಿದ್ರ ಬೆರಳು ಉಳೀತಿದ್ವು ಅಂತ ಡಾಕ್ಟರ್ ಅಂದಿದ್ದರು,” ಎಂದರು ಮೆಲ್ಲಗೆ. ಆಮೇಲೆ ತಲೆ ಎತ್ತಿ, “ಇದನ್ನ ಅಲ್ಲಿ ಯಾರಿಗರ ಹೇಳೀಯೇನು?”

“ಇಲ್ಲರಿ. ಸುಳ್ಳು ಬರದೀನಿ.”

“ಹಂಗಾದ್ರ ಅಲ್ಲಿ ಹೇಳು. ನಾಳೆ ಇನ್ನೊಬ್ಬರ ಮಗ ಹೋಗ್ತಾನ ಆ ನೀರಿಗೆ. ನಮ್ಮ ಮುಂದಷ್ಟ ಹೇಳಿ ಏನು ಮಾಡ್ತಿ?”

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವಳು ಮಾಲೀಕನಿಗೆ ಎಲ್ಲವನ್ನೂ ಫೋನಿನಲ್ಲಿ ಬರೆದಳು: ಬಟ್ಟೆ ತಿರುಗಿದ್ದು, ಏರಿಸದ ಬಾವುಟ, ಇಪ್ಪತ್ತೆಂಟು ನಿಮಿಷ. ಕಳಿಸುವ ಮೊದಲು ಅಕ್ರಮ್‌ಗೆ ತೋರಿಸಿದಳು. ಅವನು ಪೂರ್ತಿ ಓದಿ ಫೋನ್ ಮರಳಿ ಕೊಟ್ಟಮೇಲೆ ಕಳಿಸಿದಳು.

“ಅಕ್ಕಾ, ಇವತ್ತು ಹೋಗು,” ಎಂದ. “ನಿನ್ನ ಮುಖ ನೋಡಾಕ ಆಗವಲ್ದು.”

ಮೂರನೆಯ ದಿನ ಮಾಲೀಕ ಅವಳನ್ನು ಕೆಲಸದಿಂದ ತೆಗೆದ. ಗಾಳಿ ತಿರುಗಿದರೆ ಬಾವುಟ ಏರಿಸುವುದಕ್ಕೆ ಇನ್ನುಮುಂದೆ ಇಬ್ಬರು ಕಾವಲಿರುತ್ತಾರೆಂದು ಜೊತೆಯ ಕೆಲಸದವಳು ತಿಳಿಸಿದಳು. ಅದನ್ನು ಕೇಳಿ ಪ್ರಿಯದರ್ಶಿನಿಗೆ ಸಮಾಧಾನವೇನೂ ಆಗಲಿಲ್ಲ; ಮೊದಲೇ ಇಬ್ಬರಿದ್ದಿದ್ದರೆ ಎಂದು ಮತ್ತೊಂದು ನೆಪ ಹುಟ್ಟತೊಡಗಿತು, ಅದನ್ನು ಅಲ್ಲೇ ಅದುಮಿದಳು.

ಆ ಸಂಜೆ ತಾಯಿಗೂ ಹೇಳಿದಳು. ಮಾಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಊರ ಮಂದೀನ ಕರದು ಮಿಠಾಯಿ ಹಂಚಿದ್ನೆಲ್ಲ,” ಎಂದಳು. ಹಿಟ್ಟಿನ ಕೈ ತೊಳೆದುಕೊಂಡು, “ಆ ಬಾಯಿ ನಂಬರ್ ಹಚ್ಚಿ ಕೊಡು, ಆಕಿ ಮುಂದ ನಾನೂ ತಪ್ಪಾತು ಅನ್ನಬೇಕು,” ಎಂದಳು.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಕೌಸರ್ ಬೇಗಂ ಎತ್ತಿದರು. ಮಾಳಮ್ಮ ಫೋನ್ ಹಿಡಿದು ಅಂಗಳಕ್ಕೆ ಹೋದಳು. ಅಲ್ಲಿ ಇಬ್ಬರೂ ತಾಯಂದಿರು ಏನು ಮಾತಾಡಿದರೋ ಒಳಗೆ ಕೇಳಲಿಲ್ಲ. ಹೆಂಚು ಹೊತ್ತುತ್ತಿತ್ತು. ಪ್ರಿಯದರ್ಶಿನಿ ಅದನ್ನು ಇಳಿಸಿ, ತಾಯಿ ಒಳಗೆ ಬರುವುದನ್ನೇ ಕಾಯುತ್ತ ಕೂತಳು.