ಬಾಣಂತಿಯರ ಬೋರು

ಪಾವಗಡದ ಕಡೆಯ ಆ ಗೊಲ್ಲರ ಹಟ್ಟಿಗೆ ಬೋರು ಕೊರೆಯುವ ಲಾರಿ ಬಂದಾಗ ಹಿರಿಯರು ಅದನ್ನು ಹಟ್ಟಿಯ ಸುತ್ತಲಿನ ಕಳ್ಳೆಮುಳ್ಳಿನ ಬೇಲಿಯ ಒಳಕ್ಕೆ ಬಿಡಲಿಲ್ಲ. ಬೇಲಿಯೊಳಗೆ ಮೆಟ್ಟು ಹಾಕಿಕೊಂಡು ಓಡಾಡುವ ಹಾಗಿಲ್ಲ, ಲಾರಿಯವರು ಮೆಟ್ಟು ಬಿಡುವವರಲ್ಲ. ಹೀಗಾಗಿ ಬೋರು ಬಿದ್ದದ್ದು ಬೇಲಿಯಾಚೆ, ಹೆತ್ತ ಹೆಂಗಸರು ಸೂತಕ ಕಳೆಯುವ ತನಕ ಕೂಸಿನೊಂದಿಗೆ ಇರುವ ಗುಡಿಸಲಿನ ಪಕ್ಕ. ನೀರು ಕನ್ನಡಿಯ ಹಾಗಿತ್ತು. ಹಟ್ಟಿಯ ಯಜಮಾನ ಕದರಪ್ಪ ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿದ. ಇಂಥ ನೀರು ಬಾಣಂತಿಯರಿಗೂ ಎಳೆಮಕ್ಕಳಿಗೂ ಮೀಸಲು, ಮಿಕ್ಕವರಿಗೆ ಹಳೇ ಬಾವಿ ಇದ್ದೇ ಇದೆ ಎಂದು ತೀರ್ಮಾನ ಕೊಟ್ಟ. ಒಳ್ಳೆಯದು ಮೊದಲು ಎಳೆಯ ಬಾಯಿಗೆ ಹೋಗಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಗಿರಿಯಮ್ಮನಿಗಂತೂ ಹೋದ ಜೀವ ಬಂದಂತಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಬಾವಿಯ ತಳದ ಬಗ್ಗಡ ಕುಡಿದು, ವಾಂತಿಭೇದಿಯಾಗಿ, ಹೆರಿಗೆಗೆ ಬಂದಿದ್ದ ಒಬ್ಬಳೇ ಮಗಳು ತೀರಿಹೋಗಿದ್ದಳು. ಉಳಿದದ್ದು ಕೈಕೂಸು ಪುಟ್ಟಕ್ಕ. ಈ ಕೂಸಿನ ಬಾಯಿಗೆ ಬಾವಿಯ ನೀರು ಸೋಕಿಸುವುದಿಲ್ಲವೆಂದು ಗಿರಿಯಮ್ಮ ಬೋರು ಬಿದ್ದ ದಿನವೇ ಮನಸ್ಸು ಗಟ್ಟಿ ಮಾಡಿಕೊಂಡಳು. ಬೇರೆಯವರ ಮಕ್ಕಳು ಮೊಲೆ ಬಿಟ್ಟ ಮೇಲೆ ಸಿಕ್ಕಿದ ಕಡೆ ಸಿಕ್ಕಿದ ನೀರು ಕುಡಿದುಕೊಂಡು ಬೆಳೆದವು. ಪುಟ್ಟಕ್ಕನ ಅಂಬಲಿಗೂ ಬೋರಿನ ನೀರೇ. ಕುರಿಯ ಹಿಂದೆ ಹೋಗುವಾಗ ಅವಳಿಗೆಂದೇ ಸೋರೆ ಬುರುಡೆಯಲ್ಲಿ ಬೋರಿನ ನೀರು. ಪಂಪು ಕೆಟ್ಟು ಕೂತರೆ ಗಿರಿಯಮ್ಮ ಪಕ್ಕದೂರಿನ ಬೋರಿಗೆ ನಡೆದುಹೋಗಿ ಬಿಂದಿಗೆ ಹೊತ್ತು ತರುತ್ತಿದ್ದಳು.

ಆ ಹುಡುಗಿಗೆ ಒಂದು ದಿನವೂ ಹೊಟ್ಟೆ ಕೆಡಲಿಲ್ಲ. ಕೆಟ್ಟದ್ದು ಕಾಲು. ಶಾಲೆಗೆ ಹೋಗುವ ವಯಸ್ಸಿಗೆ ಮಂಡಿಗಳು ಒಂದಕ್ಕೊಂದು ತಾಗತೊಡಗಿದವು. ಆಮೇಲಾಮೇಲೆ ಪಾದಗಳು ಆಚೆಗೂ ಈಚೆಗೂ ಸರಿದುಕೊಂಡು, ನಡೆದರೆ ಸೊಂಟವೆಲ್ಲ ತೂಗುವ ಹಾಗಾಯಿತು. ನಾಟಿ ವೈದ್ಯ ಎಣ್ಣೆ ನೀವಿದ. ಪೇಟೆಯ ಡಾಕ್ಟರು ಟಾನಿಕ್ ಬರೆದರು. ಗಿರಿಯಮ್ಮ ದೇವರ ಎತ್ತುಗಳಿಗೆ ಹರಕೆ ಹೊತ್ತಳು.

ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಯೂನಿವರ್ಸಿಟಿಯಿಂದ ಶಂಕರಲಿಂಗಪ್ಪ ಎನ್ನುವ ಹುಡುಗಪ್ರಾಯದ ಮೇಷ್ಟರು ಬಂದರು. ನೀರಿನ ಮೇಲೆ ಸಂಶೋಧನೆ ಮಾಡುವವರಂತೆ. ಯಾರೂ ಹೇಳುವ ಮುಂಚೆಯೇ ಬೇಲಿಯ ಹೊರಗೆ ಚಪ್ಪಲಿ ಬಿಟ್ಟರು. ಅದಕ್ಕೇ ಕದರಪ್ಪ ಅವರಿಗೆ ಮಜ್ಜಿಗೆ ಕೊಡಿಸಿದ. ಮೇಷ್ಟರು ಮಕ್ಕಳ ಹಲ್ಲು ನೋಡಿದರು, ಪುಟ್ಟಕ್ಕನನ್ನು ನಡೆಸಿ ನೋಡಿದರು. ಆಮೇಲೆ ಕೇಳಿದರು:

"ಈ ಮಗು ಯಾವ ನೀರು ಕುಡಿಯುತ್ತಮ್ಮ?"

"ಬೋರಿಂದು ಸಾಮಿ," ಎಂದಳು ಗಿರಿಯಮ್ಮ. ಯಾರೋ ಕೊನೆಗೂ ತನ್ನ ಸಾಕಣೆಯ ಬಗ್ಗೆ ಕೇಳಿದರಲ್ಲ ಎಂದು ಅವಳಿಗೆ ಹಿಗ್ಗು. "ಬಾವಿ ನೀರು ಒಂದ್ ತೊಟ್ಟೂ ಮುಟ್ಸಿಲ್ಲ. ಬೇಕಾದ್ರೆ ಹಟ್ಟೀನೆಲ್ಲ ಕೇಳಿ."

ಮೇಷ್ಟರು ಅವಳ ಮುಖವನ್ನೇ ನೋಡಿ, ತಲೆ ತಗ್ಗಿಸಿಕೊಂಡು, ಎರಡೂ ಕಡೆಯ ನೀರನ್ನು ಸೀಸೆಗೆ ತುಂಬಿಸಿಕೊಂಡು ಹೋದರು. ಇಷ್ಟು ಓದಿದವರು ಸೀಸೆ ತುಂಬಿಕೊಂಡು ಹೋದಮೇಲೆ ಔಷಧಿ ತುಂಬಿಕೊಂಡೇ ಬರುತ್ತಾರೆಂದು ಗಿರಿಯಮ್ಮ ದಾರಿ ಕಾದಳು.

ಮಳೆ ಶುರುವಾಗುವ ಮುಂಚೆ ಅವರು ಮತ್ತೆ ಬಂದು ಹುಣಸೆಮರದ ಕೆಳಗೆ ಎಲ್ಲರನ್ನೂ ಕೂರಿಸಿದರು.

"ಬೋರಿನ ನೀರಲ್ಲಿ ಫ್ಲೋರೈಡು ಅಂತ ವಿಷ ಐತೆ. ಆಳದ ಬಂಡೆಯಿಂದ ನೀರಿಗೆ ಇಳಿಯುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಎಳೇ ಹಲ್ಲಿಗೆ, ಎಳೇ ಮೂಳೆಗೆ ಹಿಡಿಯುತ್ತೆ. ಬಾವಿ ನೀರಲ್ಲಿ ಅದು ಇಲ್ಲ ಅನ್ನೋ ಅಷ್ಟು ಕಮ್ಮಿ."

"ಅದೇಮಿ ಸಾಮಿ ಅಂಗಂತೀರಾ?" ಎಂದ ಕದರಪ್ಪ. "ಬಾವಿ ನೀರು ಕುಡುದ್ರೆ ವಾಂತಿ, ಬೋರ್ ನೀರು ಕುಡುದ್ರೆ ಸೊಟ್ಟಗಾಲು. ಗಾಳಿ ಕುಡ್ಕಂಡು ಬದುಕಾನಾ?"

"ಬಾವಿ ನೀರನ್ನ ಕುದಿಸಿ ಆರಿಸಿ ಕುಡೀರಿ ಯಜಮಾನ್ರೇ. ಅದರ ರೋಗ ಕುದಿಸಿದರೆ ಸಾಯುತ್ತೆ. ಬೋರಿಂದು ಕುದಿಸಿದರೂ ಹೋಗಲ್ಲ."

ಕುದಿಸಿದ್ದರೆ ಸಾಕಿತ್ತು. ಗಿರಿಯಮ್ಮನಿಗೆ ಅಷ್ಟೇ ಕೇಳಿಸಿತು. ಒಂದು ಹೊರೆ ಸೌದೆ, ಒಂದು ಮಡಕೆ.

"ಇವಳ ಕಾಲಿಗೆ ಔಷ್ದಿ ಸಾಮಿ?"

"ಇನ್ನು ಜಾಸ್ತಿ ಆಗದ ಹಾಗೆ ನೋಡ್ಕೋಬಹುದಮ್ಮ. ಬಗ್ಗಿರೋದನ್ನ ನೆಟ್ಟಗೆ ಮಾಡೋ ಔಷಧಿ ನಮ್ಮತ್ರ ಇಲ್ಲ." ಆಮೇಲೆ, "ನಿಮಗೆ ಗೊತ್ತಿರಲಿಲ್ಲವಲ್ಲಮ್ಮ," ಎಂದರು.

"ಗೊತ್ತಿಲ್ದೆ ಕುಡಿಸಿದ್ರೂ ಕಾಲು ಬಗ್ಗೋಯ್ತಲ್ಲ ಸಾಮಿ," ಎಂದಳು ಗಿರಿಯಮ್ಮ.

ಮೇಷ್ಟರು ಎದ್ದರು. ಕುಡಿಯಬಾರದೆಂಬ ಗುರುತಿಗೆ ಪಂಪಿಗೆ ಕೆಂಪು ಬಣ್ಣ ಬಳಿಸಿ, ಹೊಸ ಬಾವಿ ತೋಡಿಸಲು ಮೇಲಿನವರಿಗೆ ಬರೆಯುತ್ತೇನೆಂದು ಹೇಳಿ ಹೊರಟರು.

ಮಾರನೆಯ ಬೆಳಗ್ಗೆ ಕ್ಯಾತಮ್ಮ ಬಿಂದಿಗೆ ಹಿಡಿದು ಬೋರಿಗೆ ಬಂದಳು. ಅವಳ ಸೊಸೆ ಹೆತ್ತು ಗುಡಿಸಲಿನಲ್ಲಿದ್ದಳು. ಪಂಪಿನ ಕಟ್ಟೆಯ ಮೇಲೆ ಗಿರಿಯಮ್ಮ ಕೂತಿದ್ದಳು, ಪಕ್ಕದಲ್ಲಿ ಪುಟ್ಟಕ್ಕ.

"ಏಳೇ ಅತ್ಲಾಗೆ, ನೀರ್ ಹಿಡೀಬೇಕು."

"ಬ್ಯಾಡ ಕಣೇ ಕ್ಯಾತಮ್ಮ. ಮೇಷ್ಟ್ರು ಹೇಳಿದ್ ಕೇಳಿಲ್ವಾ? ಕೆಂಪು ಬಳ್ದಿರೋದು ಕಾಣಾಕಿಲ್ವಾ?"

"ಕೆಂಪು ಬಳುದ್ರೆ ವಿಷ ಆಯ್ತದಾ? ಬಸ್ಸಿಗೂ ಕೆಂಪು ಬಳ್ದವ್ರೆ, ಹತ್ತಾಕಿಲ್ವಾ ನೀನು?" ಹಿಂದೆ ಬಂದಿದ್ದ ಹೆಂಗಸರು ನಕ್ಕರು. ಕ್ಯಾತಮ್ಮನಿಗೆ ಕುಮ್ಮಕ್ಕು ಸಿಕ್ಕಿತು. "ಇಷ್ಟು ವರ್ಸ ಮೊಮ್ಮಗಳಿಗೆ ಬಿಂದಿಗೆಗಟ್ಲೆ ಹೊತ್ತು ಕುಡಿಸ್ದೆ. ಈಗ ನಮ್ ಕೂಸಿಗೆ ಬ್ಯಾಡ್ವಾ? ನಿನ್ ಗ್ರಾಚಾರ ತಂದು ಬೋರಿನ ತಲೆ ಮ್ಯಾಲೆ ಹಾಕ್ಬ್ಯಾಡ."

ಗಿರಿಯಮ್ಮ ಮೇಷ್ಟರ ಮಾತನ್ನು ನೆನಪಿಸಿಕೊಂಡು ಹೇಳಲು ನೋಡಿದಳು. ಬಂಡೆ, ಆಳ, ಮೂಳೆ. ತನ್ನ ಬಾಯಲ್ಲಿ ಅದು ಕಟ್ಟುಕತೆಯಂತೆ ಕೇಳಿಸಿತು. ಕ್ಯಾತಮ್ಮ ಬಿಂದಿಗೆಯನ್ನು ಪಂಪಿನ ಬಾಯಿಗೆ ಇಟ್ಟು ಹಿಡಿಕೆಗೆ ಕೈ ಹಾಕಿದಳು.

"ಪುಟ್ಟಕ್ಕಾ, ಲಂಗ ಮ್ಯಾಕೆ ಎತ್ಕಳವ್ವ," ಎಂದಳು ಗಿರಿಯಮ್ಮ. "ಆ ಗುಡ್ಲು ಗಂಟ ಹೋಗು."

ಹುಡುಗಿ ಅಜ್ಜಿಯ ಮುಖ ನೋಡಿದಳು. ಬುದ್ಧಿ ಬಂದಾಗಿನಿಂದ ಅವಳು ನಾಲ್ಕು ಜನರ ಎದುರಿಗೆ ನಡೆದವಳಲ್ಲ. ಎಲ್ಲರೂ ಹೋದಮೇಲೆಯೇ ಎದ್ದು ಬರುತ್ತಿದ್ದಳು.

"ಬ್ಯಾಡಜ್ಜಿ."

"ನಡಿಯವ್ವ."

ಪುಟ್ಟಕ್ಕ ಲಂಗವನ್ನು ಮಂಡಿಯ ಮೇಲಕ್ಕೆ ಹಿಡಿದುಕೊಂಡು ನಡೆದಳು. ಮಂಡಿಗೆ ಮಂಡಿ ಉಜ್ಜುವ ಕಡೆ ಚರ್ಮ ಕಪ್ಪಗೆ ಗಟ್ಟಿಕಟ್ಟಿತ್ತು. ಯಾರೂ ನಗಲಿಲ್ಲ. ಗುಡಿಸಲಿನ ಬಾಗಿಲಲ್ಲಿ ಕೂತಿದ್ದ ಬಾಣಂತಿ ಅವಳನ್ನು ನೋಡುತ್ತ ನೋಡುತ್ತ ಮಡಿಲಿನ ಕೂಸಿನ ಕಾಲುಗಳನ್ನು ಕೈಯಲ್ಲಿ ಮುಚ್ಚಿಕೊಂಡಳು.

"ನಂಗೆ ಆ ನೀರು ಬ್ಯಾಡ ಅತ್ತೆ," ಎಂದಳು.

ಕ್ಯಾತಮ್ಮ ಹಿಡಿಕೆ ಬಿಟ್ಟು ಬಿಂದಿಗೆ ಎತ್ತಿಕೊಂಡಳು. "ಕುದಿಸಾಕೆ ಸೌದೆ ಎಲ್ಲಿಂದ ತರನಾ," ಎಂದು ತನಗೆ ತಾನೇ ಗೊಣಗಿಕೊಳ್ಳುತ್ತ ಬಾವಿಯ ದಾರಿ ಹಿಡಿದಳು. ಉಳಿದವರೂ ಹೋದರು.

ಪುಟ್ಟಕ್ಕ ವಾಪಸು ಬರಲಿಲ್ಲ. ಗುಡಿಸಲಿನ ಹಿಂದೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಗಿರಿಯಮ್ಮ ಹೋಗಿ ಪಕ್ಕದಲ್ಲಿ ಕೂತಳು. ಲಂಗವನ್ನು ಕೆಳಗೆ ಎಳೆದು ಕಾಲು ಮುಚ್ಚಿದಳು. ಕುಡಿಯಲು ಏನಾದರೂ ಬೇಕಾ ಎಂದು ಕೇಳಹೋಗಿ, ಬಿಟ್ಟು, ಸೆರಗಿನಿಂದ ಅವಳ ಮುಖ ಒರೆಸಿದಳು.

"ನಾಳೀಕೂ ನಡೀಬೇಕಾ ಅಜ್ಜಿ?"

ಪಕ್ಕದೂರಿನ ಬೋರಿಗೆ ಇನ್ನೂ ಕೆಂಪು ಬಳಿದಿರಲಿಲ್ಲ. ಅಲ್ಲೂ ಬಸುರಿಯರಿದ್ದರು, ಬಾಣಂತಿಯರಿದ್ದರು.

"ನಡೀಬೇಕು ಕಣವ್ವ," ಎಂದಳು ಗಿರಿಯಮ್ಮ.