ನಾನಾನ ದನಿ ಇದ್ದ ಜಾಗ

ಡಿಲೀಟೆಡ್, ಎಷ್ಟು ಸಣ್ಣ ಪದ, ಕಿಟಕಿಯಾಚೆ ಬೆಟಗೇರಿಯ ಮಗ್ಗ ಬಡಿಯುತ್ತಲೇ ಇದೆ, ಇಲ್ಲಿ ಪರದೆಯ ಮೇಲೆ ಅದೊಂದೇ ಸಾಲು, ನಾನು ಅಳಿಸಿದ್ದು ಅಭ್ಯಾಸದ ಕ್ಲಸ್ಟರನ್ನಲ್ಲವೇ, ಮೇಲಿನ ಹೆಸರು ಓದುತ್ತೇನೆ, ಮತ್ತೆ ಓದುತ್ತೇನೆ, ಅಭ್ಯಾಸದ್ದಲ್ಲ, ಖರೆಯದ್ದು, ದೂರದ ಯಾವುದೋ ಕಂಪ್ಯೂಟರುಗಳ ಗುಂಪಿನಲ್ಲಿ ನಮ್ಮ ಸಂಸ್ಥೆ ಕೂಡಿಟ್ಟ ಹಳ್ಳಿ ಹಾಡುಗಳೆಲ್ಲ ಇರುವ ಕ್ಲಸ್ಟರ್ — ಇದ್ದ. ಬೆರಳು ಇನ್ನೂ ಕೀಲಿಯ ಮೇಲಿದೆ, ಎತ್ತಿದರೆ ನಿಜವಾಗಿಬಿಡುತ್ತದೆಯೇನೋ. ಬೆಳಿಗ್ಗೆ ಹೊಸ ಲ್ಯಾಪ್‌ಟಾಪಿಗೆ ಕಮಾಂಡ್ ಟೂಲ್‌ಗಳನ್ನು ಹಾಕುವಾಗ ಎಲ್ಲ ಸರಿಯಿತ್ತು, ಡೌನ್‌ಲೋಡ್, ಲಾಗಿನ್, ಇನ್ನು ಕ್ಲಸ್ಟರಿಗೆ ದಾರಿ ತೋರಿಸುವ ಫೈಲೊಂದು ಬಾಕಿ, ಅದನ್ಯಾಕ ಹೊಸದಾಗಿ ಮಾಡ್ತಿ ಮೆಹನಾಜ, ಹೆಪ್ಪಿಗೆ ಮೊಸರು ಕೇಳಾಕ ಯಾರರ ನಾಚ್ತಾರೇನ, ನಂದ ತಗೊ, ಅಂದ ಪಕ್ಕದ ಮೇಜಿನ ಸುದೀಪ, ನಮ್ಮ ಆಫೀಸಿನಲ್ಲಿ ಎಲ್ಲರೂ ಹಾಗೆಯೇ, ಒಬ್ಬರ ಫೈಲು ಇನ್ನೊಬ್ಬರಿಗೆ, ಮತ್ತೆ ಅವನೇ ಅಂದ, ಆತು, ಈಗ ಅಭ್ಯಾಸದ್ದನ್ನ ಪೂರಾ ಅಳಿಸಿ ಹೊಸದಾಗಿ ಹಚ್ಚಿ ನೋಡು. ಅವನ ಫೈಲು ಖರೆಯ ಕ್ಲಸ್ಟರಿನತ್ತ ಮುಖ ಮಾಡಿತ್ತು, ನಾನು ನೋಡಲಿಲ್ಲ, ಅವನು ಹೇಳಲಿಲ್ಲ, ಈಗ ಹಿಂದೆ ಬಂದು ನಿಂತಿದ್ದಾನೆ, ಮೆಹನಾಜ, ಅನ್ನುತ್ತಾನೆ ಮೆಲ್ಲಗೆ, ಬ್ಯಾಕಪ್ ಐತಿ ತಗೊ, ಎಲ್ಲಾದಕ್ಕೂ ಐತಿ, ಒಂದ ಬಿಟ್ಟು — ಆ ಒಂದು.

ಅಮ್ಮನ ತಂದೆ ಫಕ್ರುಸಾಬ, ಡೋಣಿ ಊರಿನ ಅಲಾವಿ ಕುಣಿಯ ಬೆಂಕಿಯ ಮುಂದೆ ಮೊಹರಮ್ಮಿನ ರಿವಾಯತ್, ಆ ಶೋಕದ ಪದ, ಹಾಡುತ್ತಿದ್ದ ನನ್ನ ನಾನಾ, ರೆಕಾರ್ಡ್ ಮಾಡ್ರಿ, ಆದ್ರ ಒಂದ ಕಡೆ ಇಡ್ರಿ, ಎರಡಾದ್ರ ನಾಲ್ಕಾಗ್ತಾವು, ಟಂಟಂ ರಿಕ್ಷಾದಾಗ, ಚಾದಂಗಡ್ಯಾಗ ದಿನಾ ಹಚ್ತಾರ, ಕರ್ಬಲಾದ ದುಃಖ ದಿನಾ ಹಾಡೋದಲ್ಲೋ ತಮ್ಮಾ, ಅಂದಿದ್ದ ಸುದೀಪನಿಗೆ, ಮಾತು ಕೊಟ್ಟಿದ್ದೆವು, ನಾನಾ ಮಣ್ಣಾದ ಮೇಲೂ ಮಾತು ಮಾತೇ, ಅದೊಂದಕ್ಕೆ ನಕಲು ಮಾಡಲೇ ಇಲ್ಲ. ಈಗ ಮೊಹರಂ ಬಂದಿದೆ, ಈಗ ಹಚ್ಚಬಹುದು, ಅದಕ್ಕೇ ಅವನ ಹೆಂಡತಿ, ನನ್ನ ನಾನಿ ಗೌಸಬಿ, ಬಸ್ ಹತ್ತಿದ್ದಾಳೆ, ಅವನು ಹೋದ ಮೇಲೆ ಮೊದಲ ಸಲ ಅವನ ದನಿ ಕೇಳಲು — ಮೆಟ್ಟಿಲ ಮೇಲೆ ಚಪ್ಪಲಿ, ಬಂದೆ ನೋಡವಾ, ಏನ ಬಿಸಿಲು, ಬಸ್ಸಿನ್ಯಾಗ ಒಬ್ಬಾಕಿ ಬುಟ್ಟಿಗೆ ಸೀಟು ಕೊಟ್ಲು, ನನಗ ಕೊಡ್ಲಿಲ್ಲ, ನೀರು ಬ್ಯಾಡ, ಮೊದ್ಲ ಅವ್ರ ಪದ ಹಚ್ಚು. ಹೇಳಬೇಕು, ಈಗಲೇ ಹೇಳಬೇಕು, ಮೇಜಿನ ಮೇಲಿನ ಹೆಡ್‌ಫೋನನ್ನು ಆಕೆಯೇ ಎತ್ತಿಕೊಂಡಳು, ಸೆರಗಿನ ಮೇಲೆಯೇ ಕಿವಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿದಳು, ಸುದೀಪ ನೆಲ ನೋಡುತ್ತಿದ್ದಾನೆ, ನಾನಿ, ಅನ್ನುತ್ತೇನೆ, ಆ ಪದ — ಆಕೆಯ ಅಂಗೈ ಮೇಲೇಳುತ್ತದೆ, ನನ್ನ ಬಾಯಿಗೆ ಅಡ್ಡವಾಗಿ, ಸುಮ್ಕಿರು, ಗದ್ದಲ ಮಾಡಬ್ಯಾಡ, ಅವ್ರು ಹಿಂಗ, ಮಂದಿ ಪೂರಾ ಸುಮ್ಮನಾಗೋ ತನಕ ಬಾಯಿ ತೆರೆಯಂಗಿಲ್ಲ, ಈಗ ಶುರು ಮಾಡ್ತಾರ, ಈಗ, ಮುಖದಲ್ಲಿ ನಗುವೊಂದು ಮೂಡುತ್ತಿದೆ, ಹೇಳಬೇಕು, ಆ ಅಂಗೈ, ಮಣಿಕಟ್ಟಿನಲ್ಲಿ ಬಳೆಯಿಲ್ಲ, ಹೇಳಬೇಕು, ಎತ್ತಿದ ಅಂಗೈ, ಅಲುಗದೆ, ನನ್ನ ಬಾಯಿಗೂ ಆಕೆಗೂ ನಡುವೆ ಎತ್ತಿದ ಆ ಅಂಗೈ